ಗರಗಸದ ಕ್ಲಚ್ಚು: ಜೋಡಣೆ ಮತ್ತು ಪರೀಕ್ಷೆ

ಬಿ.ಎ. ತರಗತಿಯಲ್ಲಿ ಓದುವವನಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಕಲಬುರಗಿಯ ಜಗತ್ ಭಾಗದಲ್ಲಿ ರಸ್ತೆಗೆ ಬಿದ್ದ ಬೇವಿನ ಕೊಂಬೆ ತೆಗೆಯುವವರಾಗಲಿ, ಕಮಲಾಪುರದ ಕಡೆ ಹೊಲದ ಬದುವಿನ ಜಾಲಿ ಕಡಿಯುವವರಾಗಲಿ ಇಂದು ಪೆಟ್ರೋಲಿನ ಚೈನ್ ಗರಗಸವನ್ನೇ ಹಿಡಿಯುತ್ತಾರೆ. ಹಿಡಿದವನ ತೊಡೆಗೂ ಓಡುವ ಚೈನಿಗೂ ನಡುವೆ ಇರುವ ಕಾವಲುಗಾರನೇ ಕ್ಲಚ್ಚು. ದುಡಿಯುವವರ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದ ನನ್ನಂಥವರಿಗೆ ಇದು ಪರಕೀಯ ವಿಷಯವಲ್ಲ.

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬಾತನು 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಚೈನ್ ಗರಗಸವನ್ನೂ, 1929ರಲ್ಲಿ ಪೆಟ್ರೋಲಿನಿಂದ ನಡೆಯುವುದನ್ನೂ ರಚಿಸಿದನು. ಅಂದು ಇಬ್ಬರು ಆಳು ಹಿಡಿಯಬೇಕಾಗಿದ್ದ ಯಂತ್ರವನ್ನು ಇಂದು ಒಬ್ಬನೇ ಎತ್ತುತ್ತಾನೆ. ಅಪಾಯವೂ ಅವನೊಬ್ಬನದೇ ಆಗಿದೆ.

ಕ್ಲಚ್ಚಿನ ತತ್ತ್ವ ಸರಳವಾದುದು. ಎಂಜಿನ್ನಿನ ದಂಡಕ್ಕೆ ಎರಡು ಮೂರು ತೂಕದ ತುಂಡುಗಳನ್ನು ಕೂಡಿಸಿ, ಅವುಗಳನ್ನು ಸ್ಪ್ರಿಂಗಿನಿಂದ ಒಳಕ್ಕೆ ಎಳೆದು ಹಿಡಿದಿರುತ್ತಾರೆ. ಇವಕ್ಕೆ ಶೂ ಎನ್ನುತ್ತಾರೆ. ಸುತ್ತಲೂ ಒಂದು ಡ್ರಮ್ಮು. ಚೈನನ್ನು ಓಡಿಸುವ ಹಲ್ಲುಚಕ್ರ ಆ ಡ್ರಮ್ಮಿಗೆ ಸೇರಿದ್ದು. ವೇಗ ಹೆಚ್ಚಿದಂತೆ ಕೇಂದ್ರಾಪಗಾಮಿ ಬಲದಿಂದ ಶೂಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ. ಈ ಬಲವು ವೇಗದ ವರ್ಗದಂತೆ ಬೆಳೆಯುತ್ತದೆ. ನಿಮಿಷಕ್ಕೆ 2,800 ಸುತ್ತು ಇದ್ದದ್ದು 5,600 ಆದರೆ ಬಲ ನಾಲ್ಕು ಪಟ್ಟು. ಆದುದರಿಂದಲೇ ಎಂಜಿನ್ ಮೆಲ್ಲಗೆ ಓಡುವಾಗ ಚೈನು ನಿಂತಿರಬೇಕು. ಸ್ಪ್ರಿಂಗು ಸೋತರೆ ಅದು ನಿಲ್ಲುವುದಿಲ್ಲ.

ಬದಲಿಸುವ ಮೊದಲು ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಪ್ಲಗ್ಗಿನ ತಂತಿಯನ್ನು ಕೀಳಬೇಕು. ಚೈನಿನ ಬ್ರೇಕನ್ನು ಸಡಿಲಿಸಿ ಪಕ್ಕದ ಮುಚ್ಚಳ, ಚೈನು, ಪಟ್ಟಿಗಳನ್ನು ತೆಗೆಯಬೇಕು. ಅನಂತರ ಎಂಜಿನ್ ತಿರುಗದಂತೆ ತಡೆಯಬೇಕು. ಪ್ಲಗ್ಗನ್ನು ಬಿಚ್ಚಿ, ಪಿಸ್ಟನ್ ಮೇಲೇರುತ್ತ ಹೊಗೆ ಹೋಗುವ ದ್ವಾರವನ್ನು ಮುಚ್ಚಿದ ಮೇಲೆ, ಮೆತ್ತನೆಯ ಹಗ್ಗವನ್ನು ಸಿಲಿಂಡರಿನೊಳಗೆ ತುರುಕಿ ಅದರ ತುದಿಯನ್ನು ಹೊರಗೇ ಬಿಡಬೇಕು. ದ್ವಾರ ತೆರೆದಿರುವಾಗ ತುರುಕಿದರೆ ಹಗ್ಗ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕಬ್ಬಿಣದ ತುಂಡನ್ನಂತೂ ಇಡಲೇಕೂಡದು, ಪಿಸ್ಟನ್ ಒಡೆದೀತು.

ಇಲ್ಲೊಂದು ಎಚ್ಚರಿಕೆ. ಬಹುತೇಕ ಗರಗಸಗಳಲ್ಲಿ ಕ್ಲಚ್ಚಿನ ತಿರುಪು ಎಡತಿರುಪು. ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೂ, ಬಿಗಿಯಲು ಅದಕ್ಕೆ ವಿರುದ್ಧವಾಗಿಯೂ ತಿರುಗಿಸಬೇಕು. ಹೀಗಿರುವುದರಿಂದಲೇ ಎಂಜಿನ್ ಓಡುವಾಗ ಕ್ಲಚ್ಚು ತಾನಾಗಿ ಸಡಿಲವಾಗದೆ ಬಿಗಿಯುತ್ತ ಹೋಗುತ್ತದೆ. ಅನೇಕ ಕ್ಲಚ್ಚುಗಳ ಮೇಲೆ ಬಾಣದ ಗುರುತೂ ಇರುತ್ತದೆ.

ಹೊಸದನ್ನು ಕೂಡಿಸುವ ಮುನ್ನ ಹಳೆಯದನ್ನು ಓದಬೇಕು. ಡ್ರಮ್ಮು ನೀಲಿಗಟ್ಟಿದ್ದರೆ ಅದು ಜಾರಿ ಕಾದ ಗುರುತು. ಒಳಮೈಯಲ್ಲಿ ಗೆರೆ ಬಿದ್ದಿದ್ದರೆ, ಹಲ್ಲುಚಕ್ರ ಆಳವಾಗಿ ಸವೆದಿದ್ದರೆ ಡ್ರಮ್ಮನ್ನೂ ಬದಲಿಸುವುದು ಲೇಸು. ಸ್ಪ್ರಿಂಗುಗಳನ್ನು ಒಂದೊಂದಾಗಿ ಅಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಸೂಜಿ ಬೇರಿಂಗಿಗೆ ಸ್ವಲ್ಪವೇ ಗ್ರೀಸು ಸಾಕು; ಶೂಗಳಿಗೆ ಎಣ್ಣೆಯ ಹನಿಯೂ ತಾಗಬಾರದು. ವಾಷರುಗಳು ಬಿಚ್ಚಿದ ಕ್ರಮದಲ್ಲಿಯೇ ಕೂಡಬೇಕು. ಎಣ್ಣೆ ಪಂಪನ್ನು ಓಡಿಸುವ ಕೊಕ್ಕೆ ತನ್ನ ಕಚ್ಚಿನಲ್ಲಿ ಕುಳಿತಿದೆಯೇ ಎಂದು ನೋಡಬೇಕು. ತಯಾರಕರು ಹೇಳಿದ ಬಿಗಿತಕ್ಕೆ ತಿರುಪಬೇಕೇ ಹೊರತು ಸುತ್ತಿಗೆಯಿಂದ ಹೊಡೆಯಬಾರದು. ಕೊನೆಗೆ ಹಗ್ಗವನ್ನು ಪೂರ್ತಿ ಹೊರಗೆಳೆಯುವುದನ್ನು ಮರೆಯಬಾರದು.

ಇನ್ನು ಪರೀಕ್ಷೆ. ಎಂಜಿನ್ ನಿಂತಿರುವಾಗ ಡ್ರಮ್ಮು ಕೈಯಿಂದ ಸಲೀಸಾಗಿ ತಿರುಗಬೇಕು. ಪಟ್ಟಿ, ಚೈನು, ಮುಚ್ಚಳ, ಪ್ಲಗ್ಗುಗಳನ್ನು ಕೂಡಿಸಿ, ಬ್ರೇಕ್ ಹಾಕಿ, ಗರಗಸವನ್ನು ನೆಲಕ್ಕೆ ಒತ್ತಿ ಹಿಡಿದು ಚಾಲೂ ಮಾಡಬೇಕು. ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ಬ್ರೇಕ್ ಬಿಟ್ಟರೆ ಚೈನು ಅಲುಗಾಡಬಾರದು. ಅಲುಗಿದರೆ ಮೊದಲು ಎಂಜಿನ್ನಿನ ನಿಧಾನ ವೇಗವನ್ನು ಸರಿಪಡಿಸಿ. ಅದು ಸರಿಯಿದ್ದೂ ಚೈನು ತೆವಳಿದರೆ ದೋಷ ಕ್ಲಚ್ಚಿನದು. ವೇಗ ಕೊಟ್ಟಾಗ ಚೈನು ಓಡಬೇಕು, ಬಿಟ್ಟಾಗ ನಿಲ್ಲಬೇಕು. ಬ್ರೇಕ್ ಹಾಕಿದಾಗ ತಟ್ಟನೆ ನಿಲ್ಲಬೇಕು. ಬ್ರೇಕ್ ಹಾಕಿಯೇ ವೇಗ ಕೊಡುತ್ತ ಕೂತರೆ ಹೊಸ ಕ್ಲಚ್ಚೂ ಸುಡುತ್ತದೆ. ಕೊನೆಗೆ ಒಂದು ಸಣ್ಣ ದಿಮ್ಮಿಯನ್ನು ಕೊಯ್ದು, ಎಂಜಿನ್ ಗರ್ಜಿಸುತ್ತಿದ್ದರೂ ಚೈನು ಸೋಲುತ್ತದೆಯೇ ಎಂದು ಕಾಣಬೇಕು.

ದುರಸ್ತಿ ಮಾಡುವವನು ಬೇರೆ, ಗರಗಸ ಹಿಡಿದು ಮರ ಹತ್ತುವವನು ಬೇರೆ. ಅಂಗಡಿಯಲ್ಲಿ ಐದು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟರೆ ಅದರ ಫಲ ಉಣ್ಣುವವನು ದಿನಗೂಲಿಯವನು. ನಮ್ಮ ಮಿಸ್ತ್ರಿಗಳ ಕೈಯಲ್ಲಿ ಈ ವಿದ್ಯೆ ಇದೆ. ಅದನ್ನು ಕನ್ನಡದ ಅಕ್ಷರಕ್ಕೆ ಇಳಿಸುವ ಹೊಣೆ ಪದವಿ ಪಡೆಯುವ ನಮ್ಮದು. ಕಥೆ, ಕವಿತೆಗಳ ಜೊತೆಗೆ ಇಂಥ ಬರಹಕ್ಕೂ ನಮ್ಮ ಸಂಚಿಕೆ ಮುಂದೆಯೂ ಎಡೆ ಕೊಡಲೆಂದು ಸಹಪಾಠಿಗಳಲ್ಲಿಯೂ ಗುರುವರ್ಯರಲ್ಲಿಯೂ ನನ್ನ ಬಿನ್ನಹ.