ರಾಮಧಾನ್ಯದ ತೀರ್ಪು ಮತ್ತು ನಮ್ಮ ಭಜನೆ



ಹರಿದಾಸರ ಪದಗಳನ್ನು ಹಾಡುವವರು ಅನೇಕರು. ಅವುಗಳ ಮಾತಿಗೆ ತಲೆಬಾಗುವವರು ವಿರಳ. ಸಂಗೀತ, ಭಕ್ತಿ, ನ್ಯಾಯ ಈ ಮೂರೂ ದಾಸಸಾಹಿತ್ಯದಲ್ಲಿ ಒಂದೇ ತಂಬೂರಿಯ ತಂತಿಗಳು.

16ನೆಯ ಶತಮಾನದ ವಿಜಯನಗರದಲ್ಲಿ ಶ್ರೀವ್ಯಾಸರಾಜತೀರ್ಥರು ವಿದ್ವತ್ಸಭೆಯ ಶಾಸ್ತ್ರವನ್ನೂ ಬೀದಿಯ ಕನ್ನಡ ಪದವನ್ನೂ ಆದರಿಸಿದರು. ಶಿಷ್ಯರಾದ ಪುರಂದರದಾಸರು ಮಾಯಾಮಾಳವಗೌಳದಲ್ಲಿ ಸಂಗೀತದ ಬಾಲಪಾಠವನ್ನು ಏರ್ಪಡಿಸಿದರೆಂಬುದು ಸಂಪ್ರದಾಯ. ಕುರುಬ ಕುಲದ ಕನಕದಾಸರನ್ನು ಗುರುಗಳು ಅನುಗ್ರಹಿಸಿದಾಗ ಕೆಲವರು ಗೊಣಗಿದರೆಂದೂ, ಯಾರೂ ಕಾಣದೆಡೆಯಲ್ಲಿ ಬಾಳೆಹಣ್ಣು ತಿನ್ನಲು ಅಪ್ಪಣೆಯಾದಾಗ, ಹರಿಯಿಲ್ಲದ ಎಡೆಯೇ ಸಿಗಲಿಲ್ಲವೆಂದು ಕನಕದಾಸರೊಬ್ಬರೇ ಹಣ್ಣನ್ನು ಮರಳಿ ತಂದರೆಂದೂ ಪ್ರತೀತಿ.

ಇದೇ ಕನಕದಾಸರು ಭಾಮಿನೀ ಷಟ್ಪದಿಯಲ್ಲಿ ‘ರಾಮಧಾನ್ಯಚರಿತ್ರೆ’ಯನ್ನು ರಚಿಸಿದರು. ನರೆದಲೆಗವೆಂದರೆ ರಾಗಿ. ನೆಲ್ಲು ತನ್ನ ಹಿರಿಮೆಯನ್ನು ಹೊಗಳಿಕೊಂಡು ರಾಗಿಯನ್ನು ಹೀನವೆಂದು ಜರೆಯುತ್ತದೆ. ಬಡವರನ್ನು ಸಲಹುವುದು ತಾನೆಂದು ರಾಗಿ ಉತ್ತರಿಸುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದನು. ಅವಧಿ ಮುಗಿದಾಗ ನೆಲ್ಲು ಕೆಟ್ಟಿತ್ತು, ರಾಗಿ ಕುಂದಿರಲಿಲ್ಲ. ರಾಮನು ರಾಗಿಗೆ ತನ್ನ ರಾಘವನಾಮವನ್ನೇ ಅನುಗ್ರಹಿಸಿದನು.

ತಾರತಮ್ಯವು ನಮ್ಮ ಸಿದ್ಧಾಂತವಲ್ಲವೇ ಎಂದು ಕೆಲವರು ಕೇಳಬಹುದು. ಅದು ಜೀವಸ್ವರೂಪದ ವಿಷಯ; ಅದನ್ನು ಬಲ್ಲವನು ಒಳಗಿರುವ ಬಿಂಬರೂಪಿ ಪರಮಾತ್ಮನೊಬ್ಬನೇ. ದೇಹದ ಹುಟ್ಟನ್ನು ಕಂಡು ಅದನ್ನು ಅಳೆಯಲು ನಾವು ಯಾರು?

ಕಡೂರು ಸೀಮೆಯ ಎಮ್ಮೆದೊಡ್ಡಿಯ ನಮಗೆ ಈ ಕಥೆ ದೂರದ್ದಲ್ಲ. ಮಳೆ ಸಾಲದ ಇಲ್ಲಿ ರಾಗಿಯೇ ಜೀವಾಧಾರ. ಬಾಲ್ಯದಲ್ಲಿ ನಾವು ಅರ್ಚಕರಾದ ತೀರ್ಥರೂಪರ ಪಕ್ಕದಲ್ಲಿ ಕುಳಿತು ಕನಕದಾಸರ ಪದಗಳಿಗೆ ತಾಳ ಹಾಕುತ್ತಿದ್ದೆವು. ಉತ್ಸವಕ್ಕೆ ಮಾವಿನ ಸೊಪ್ಪು, ಬಾಳೆಕಂದು ತಂದವರು ಹೊಸ್ತಿಲಾಚೆ ನಿಂತು ಕೇಳುತ್ತಿದ್ದರು. ‘ಒಳಗೆ ಬನ್ನಿ’ ಎಂದು ನಾವು ಒಮ್ಮೆಯೂ ಅನ್ನಲಿಲ್ಲ. ಪದವು ನಮ್ಮ ನಾಲಗೆಯ ಮೇಲಿತ್ತು, ಕಿವಿಗೆ ಬಿದ್ದಿರಲಿಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಕಾನೂನು ಬಾಗಿಲನ್ನು ತೆರೆಸಬಲ್ಲದು. ಒಳಗೆ ಕರೆಯಬೇಕಾದವರು ನಾವು. ಪುಷ್ಯ ಬಹುಳ ಅಮಾವಾಸ್ಯೆಯ ಪುರಂದರದಾಸರ ಆರಾಧನೆಯಂದು ಭಜನೆಯ ಸಾಲೂ ಪ್ರಸಾದದ ಪಂಕ್ತಿಯೂ ಒಂದೇ ಆಗಲಿ. ಹಿಂದೆ ಹೊಸ್ತಿಲಾಚೆ ನಿಂತವರ ಕೈಗೆ ಅಂದು ಮೊದಲ ತಾಳವನ್ನು ಕೊಡೋಣ. ದಾಸರಿಗೆ ನಾವು ಸಲ್ಲಿಸಬಹುದಾದ ನಿಜವಾದ ಸೇವೆ ಇದೇ ಎಂದು ಭಾವಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.