ಯಂತ್ರವೇ ಪ್ರೋಗ್ರಾಂ ಬರೆದರೆ?

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕಲಿತ ಹಲವರು ಇಂದು ಬೆಂಗಳೂರಿನಂತಹ ನಗರಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಆ ದಾರಿಯಲ್ಲಿ ನಡೆಯುವ ಆಸೆ ನಮ್ಮ ಮಕ್ಕಳಲ್ಲೂ ಇದೆ. ಆದರೆ ಈಚೆಗೆ ಹೆತ್ತವರು ನಮ್ಮನ್ನು ಕೇಳುವುದುಂಟು: "ಮಾಷ್ಟ್ರೇ, ಪ್ರೋಗ್ರಾಂ ಬರೆಯುವ ಕೆಲಸವನ್ನೂ ಯಂತ್ರವೇ ಮಾಡುತ್ತದಂತೆ. ಇನ್ನು ನಮ್ಮ ಮಕ್ಕಳು ಅದನ್ನು ಕಲಿತು ಏನು ಪ್ರಯೋಜನ?" ಇದು ಹಗುರಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ.

ಪ್ರೋಗ್ರಾಂ ಎಂದರೆ ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ತಿಳಿಸುವ ಆಜ್ಞೆಗಳ ಸರಣಿ. ಮೊದಮೊದಲು ಇವನ್ನು ಯಂತ್ರಕ್ಕೆ ಅರ್ಥವಾಗುವ ಅಂಕೆಗಳಲ್ಲೇ ಬರೆಯಬೇಕಾಗಿತ್ತು. 1957ರಲ್ಲಿ ಅಮೆರಿಕದ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ಫೋರ್ಟ್ರಾನ್ ಭಾಷೆಯನ್ನು ಹೊರತಂದರು. ಗಣಿತಸೂತ್ರದಂತೆ ಬರೆದುದನ್ನು ಯಂತ್ರವೇ ತನ್ನ ಅಂಕೆಗಳಿಗೆ ಬದಲಿಸಿಕೊಂಡಿತು. ಅಂಕೆ ಬರೆಯುವ ದುಡಿಮೆ ತಗ್ಗಿತು. ಆದರೆ ಪ್ರೋಗ್ರಾಂ ಬರೆಯುವವರು ಮುಂದಿನ ವರ್ಷಗಳಲ್ಲಿ ಹೆಚ್ಚಿದರೇ ಹೊರತು ಕಡಿಮೆಯಾಗಲಿಲ್ಲ.

ಕೃತಕ ಬುದ್ಧಿಮತ್ತೆ ಇದರ ಮುಂದಿನ ಮೆಟ್ಟಿಲು. 2021ರಲ್ಲಿ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದವು. ಆಡುಮಾತಿನಲ್ಲಿ ಬೇಕಾದುದನ್ನು ಹೇಳಿದರೆ ಇವು ಪ್ರೋಗ್ರಾಂ ಬರೆದುಕೊಡುತ್ತವೆ. ಗೂಗಲ್‌ನ ಹೊಸ ಕೋಡಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಯಂತ್ರ ರಚಿಸಿದ್ದು, ಅದನ್ನು ಇಂಜಿನಿಯರರು ಪರಿಶೀಲಿಸಿ ಒಪ್ಪುತ್ತಾರೆ ಎಂದು ಆ ಸಂಸ್ಥೆಯ ಮುಖ್ಯಸ್ಥ ಸುಂದರ್ ಪಿಚೈ 2024ರ ಅಕ್ಟೋಬರಿನಲ್ಲಿ ತಿಳಿಸಿದರು.

ಈ ಪರಿಶೀಲನೆ ಏಕೆ ಬೇಕು? ಒಂದು ಉದಾಹರಣೆ ನೋಡೋಣ. ಅಧಿಕ ವರ್ಷವನ್ನು ಗುರುತಿಸುವ ಪ್ರೋಗ್ರಾಂ ಒಂದು ನಮಗೆ ದೊರೆಯಿತೆನ್ನೋಣ. 4ರಿಂದ ಭಾಗವಾಗುವ ವರ್ಷವೆಲ್ಲ ಅಧಿಕ ವರ್ಷ ಎಂದು ಅದರಲ್ಲಿದೆ. 2020, 2024 ಎಂದು ಕೊಟ್ಟು ನೋಡಿದರೆ ಉತ್ತರ ಸರಿ. ಆದರೆ 1900 ಅಧಿಕ ವರ್ಷವಲ್ಲ! 100ರಿಂದ ಭಾಗವಾಗುವ ವರ್ಷವು 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ನಿಯಮ ಬಲ್ಲವನಿಗೆ ಈ ತಪ್ಪು ಕಾಣುತ್ತದೆ. ಅರಿಯದವನು ಅದನ್ನು ಹಾಗೆಯೇ ಒಪ್ಪಿಸುತ್ತಾನೆ.

ಬಲ್ಲವರೂ ಮೋಸಹೋಗುವುದುಂಟು. 2025ರಲ್ಲಿ ಮೆಟರ್ ಎಂಬ ಸಂಸ್ಥೆ 16 ಮಂದಿ ಅನುಭವಿಗಳ ಕೆಲಸವನ್ನು ಪರೀಕ್ಷಿಸಿತು. ಯಂತ್ರದ ನೆರವಿನಿಂದ ಶೇ. 20ರಷ್ಟು ಸಮಯ ಉಳಿಯಿತೆಂದು ಅವರು ಭಾವಿಸಿದ್ದರು. ನಿಜಕ್ಕೂ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಎಲ್ಲ ಕೆಲಸಗಳಲ್ಲೂ ಹೀಗೇ ಆಗುತ್ತದೆಂದಲ್ಲ. ಅಳೆದು ನೋಡದೆ ನಂಬಬಾರದೆಂಬುದು ಇಲ್ಲಿನ ಪಾಠ.

ಇನ್ನೊಂದು ಸಂಗತಿಯನ್ನು ಮಕ್ಕಳಿಂದ ನಾವು ಮರೆಮಾಚಬಾರದು. ಹೊಸಬರಿಗೆ ಒಪ್ಪಿಸುತ್ತಿದ್ದ ಸಣ್ಣ ಸಣ್ಣ ಕೆಲಸಗಳನ್ನೇ ಯಂತ್ರ ಸುಲಭವಾಗಿ ಮಾಡುತ್ತದೆ. ಆದುದರಿಂದ ಮೊದಲ ಮೆಟ್ಟಿಲು ಹತ್ತುವುದು ಕಷ್ಟವಾದೀತು. ಹಾಗೆಂದು ಕಲಿಕೆ ವ್ಯರ್ಥವಲ್ಲ; ಕಲಿಯುವ ರೀತಿ ಮಾತ್ರ ಬದಲಾಗಬೇಕು. ಗಣಿತದ ಬುಡ ಗಟ್ಟಿಯಾಗಬೇಕು. ಬರೆದುದನ್ನು ಸಾಲುಸಾಲಾಗಿ ಓದಿ ತಪ್ಪು ಹುಡುಕುವ ತಾಳ್ಮೆ ಬರಬೇಕು. ಬೇಕಾದುದನ್ನು ಸಂದಿಗ್ಧವಿಲ್ಲದೆ ಹೇಳಲು ತಿಳಿಯಬೇಕು. ಈ ಕೊನೆಯದನ್ನು ಭಾಷೆಯ ತರಗತಿಯಲ್ಲೂ ಕಲಿಯಬಹುದು. ಸಾರಾಂಶ ಬರೆಯುವಾಗ, ವಾಕ್ಯದೋಷ ತಿದ್ದುವಾಗ ನಾವು ಮಾಡುವ ಅಭ್ಯಾಸ ಇದೇ ಅಲ್ಲವೇ?

ವಿದ್ಯಾರ್ಥಿಗಳೇ, ಗೈಡು ನೋಡಿ ಉತ್ತರ ಬರೆದವನಿಗೆ ಗೈಡಿನ ತಪ್ಪು ತಿಳಿಯದು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು? ಯಂತ್ರದ ನೆರವು ಪಡೆಯೋಣ. ಅದು ಬರೆದುದು ಸರಿಯೇ ಎಂದು ಹೇಳಬಲ್ಲ ಅರಿವನ್ನು ಮೊದಲು ಗಳಿಸೋಣ.