ಮೊದಲು ದೇಶ, ಆಮೇಲೆ ಫ್ಲೈಯಿಂಗ್ ಸ್ಕೂಲು

ಪಿಯುಸಿ ಮುಗಿಸಿ ಪೈಲಟ್ ಆಗುತ್ತೇನೆಂದು ಹೊರಟಿದ್ದೀಯ, ಸಂತೋಷ ಮಗಳೇ. ಕಲಿಯುವುದು ಅಮೆರಿಕದಲ್ಲೋ ಯುರೋಪಿನಲ್ಲೋ ಎಂದು ಲೆಕ್ಕ ಹಾಕುವ ಮೊದಲು, ನಾಳೆ ವಿಮಾನ ಓಡಿಸುವುದು ಎಲ್ಲಿ ಎಂದು ನಿರ್ಧರಿಸು.

1944ರ ಷಿಕಾಗೊ ಒಪ್ಪಂದದ ದೆಸೆಯಿಂದ ಲೈಸೆನ್ಸಿಗೆ ಬೇಕಾದ ಕನಿಷ್ಠ ನಿಯಮಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಪರೀಕ್ಷೆ ಮಾಡುವ ಬಗೆ, ಹಾರಾಟದ ಗಂಟೆಗಳ ಲೆಕ್ಕ ಮಾತ್ರ ಅವರವರದು.

ಅಮೆರಿಕದಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ ಒಂದೇ ಲಿಖಿತ ಪೇಪರು, ನೂರಕ್ಕೆ 70 ಬಂದರೆ ಪಾಸು. ಅಷ್ಟಕ್ಕೇ ಹಿಗ್ಗಬೇಡ. ಹಾರಾಟದ ಪರೀಕ್ಷೆಯ ದಿನ ಪರೀಕ್ಷಕರು ಮೊದಲು ಎದುರಿಗೆ ಕೂರಿಸಿಕೊಳ್ಳುತ್ತಾರೆ. ಇಂಥ ಹವೆಯಲ್ಲಿ ಹೊರಡುತ್ತೀಯಾ? ಇಷ್ಟು ಭಾರ ಹೇರಿದರೆ ಈ ರನ್‌ವೇ ಸಾಕಾ? ಉರು ಹೊಡೆದವರು ತಡವರಿಸುವುದೇ ಇಲ್ಲಿ. ಇದನ್ನು ದಾಟಿದರಷ್ಟೇ ವಿಮಾನ ಹತ್ತುವ ಮಾತು.

ಯುರೋಪಿನಲ್ಲಿ ಏರ್‌ಲೈನ್ ಮಟ್ಟದ ಥಿಯರಿಗೆ 13 ವಿಷಯ, ಒಂದೊಂದರಲ್ಲೂ 75 ಬೇಕು. ಮೊದಲ ಪೇಪರು ಬರೆದಲ್ಲಿಂದ ಸುಮಾರು 18 ತಿಂಗಳಲ್ಲಿ ಎಲ್ಲ ಮುಗಿಯಬೇಕು. ಒಂದೇ ಪೇಪರಿನಲ್ಲಿ ನಾಲ್ಕು ಸಲ ಡುಮ್ಕಿ ಹೊಡೆದರೆ, ಪಾಸಾದವನ್ನೂ ಸೇರಿಸಿ ಮತ್ತೆ ಮೊದಲಿನಿಂದ ಬರೆಯಬೇಕು.

ಇನ್ನು ನಮ್ಮ ದೇಶ. ಇಲ್ಲಿ ಲೈಸೆನ್ಸ್ ಕೊಡುವ ಡಿಜಿಸಿಎಯ ಪೇಪರುಗಳಲ್ಲಿ ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್, ಟೆಕ್ನಿಕಲ್ ಎಲ್ಲ ಬೇರೆಬೇರೆ, ಒಂದೊಂದಕ್ಕೂ 70. ರೇಡಿಯೋ ಬಳಸಲು ಬೇಕಾದ ಆರ್‌ಟಿಆರ್ ಪರೀಕ್ಷೆ ಬೇರೆ. ಹೊರದೇಶದ ಲೈಸೆನ್ಸ್ ಹಿಡಿದು ಬಂದರೂ ಏರ್ ರೆಗ್ಯುಲೇಷನ್ ಜೊತೆಗೆ ನ್ಯಾವಿಗೇಷನ್, ಹವಾಮಾನ ಸೇರಿದ ಕಾಂಪೊಸಿಟ್ ಪೇಪರು ಬರೆಯದೆ ಬದಲಾಯಿಸಿಕೊಡುವುದಿಲ್ಲ.

ಗಂಟೆಗಳ ವಿಷಯದಲ್ಲೂ ಹುಷಾರು. ಅಮೆರಿಕದ ಸಾಮಾನ್ಯ ದಾರಿಯಲ್ಲಿ 250 ಗಂಟೆ ಬೇಕು, ನಮಗೆ 200 ಸಾಕು. ಆದರೆ ಆ ಇನ್ನೂರರಲ್ಲಿ 100 ಗಂಟೆ ನೀನೇ ಕಮಾಂಡಿನಲ್ಲಿ ಹಾರಿಸಿರಬೇಕು, 300 ನಾಟಿಕಲ್ ಮೈಲಿಯ ಒಂದು ಕ್ರಾಸ್ ಕಂಟ್ರಿ ಇರಬೇಕು, ರಾತ್ರಿ ಹಾರಾಟವೂ ಇರಬೇಕು. ಒಟ್ಟು ಗಂಟೆ ಹೆಚ್ಚಿದೆಯೆಂದು ನಂಬಿ ಊರಿಗೆ ಬಂದ ಮೇಲೆ ಲಾಗ್‌ಬುಕ್‌ನಲ್ಲಿ ಇವುಗಳಲ್ಲೊಂದು ಕಡಿಮೆಬಿದ್ದರೆ, ಅದಕ್ಕಾಗಿ ಮತ್ತೆ ದುಡ್ಡು ಸುರಿದು ಹಾರಬೇಕು.

ಇಲ್ಲೇ ನೌಕರಿ ಮಾಡುವುದಾದರೆ ನನ್ನ ಮಾತು ಇಷ್ಟೇ: ಮೊದಲು ಕ್ಲಾಸ್ ಒನ್ ಮೆಡಿಕಲ್ ಮುಗಿಸು, ಏಕೆಂದರೆ ಅದಿಲ್ಲದೆ ಕಮರ್ಷಿಯಲ್ ಲೈಸೆನ್ಸೇ ಇಲ್ಲ. ಡಿಜಿಸಿಎ ಪರೀಕ್ಷೆಗೆ ಬೇಕಾದ ಕಂಪ್ಯೂಟರ್ ನಂಬರ್ ಮಾಡಿಸಿಕೊಂಡು, ಓದಿನ ರೂಢಿ ಬಿಡುವ ಮೊದಲೇ ಪೇಪರು ಬರೆದುಬಿಡು. ಇಲ್ಲೇ ಜಕ್ಕೂರಿನ ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿ, ಇಲ್ಲವೇ ಕಡಲಾಚೆ ಹೋಗು. ಡಿಜಿಸಿಎಯ ಗಂಟೆಪಟ್ಟಿ ಕೈಯಲ್ಲಿರಲಿ. ಅದರಲ್ಲಿರುವುದನ್ನೆಲ್ಲ ಹಾರಿಸಿಕೊಡುತ್ತೀರಾ ಎಂದು ಸ್ಕೂಲಿನವರನ್ನು ಕೇಳಿ, ಬರಹದಲ್ಲಿ ಉತ್ತರ ಪಡೆದ ಮೇಲೆಯೇ ಫೀಸು ಕಟ್ಟು.